ಸುಣ್ಣ, ಕೂಲರ್, ಏಸಿ: ದಾವಣಗೆರೆ ಬಿಸಿಲಲ್ಲಿ ಮೂರನ್ನೂ ಹಾಕಿ ನೋಡಿದ್ದು

ನಮ್ಮ ಮನೆ ನಿಟುವಳ್ಳೀಲಿ, ಮಹಡಿ ಮೇಲಿನ ಪೋರ್ಷನ್ನು, ತಲೆ ಮೇಲೆ ಬರೀ ಆರ್‌ಸಿಸಿ ಸ್ಲ್ಯಾಬು, ಅಕ್ಕಪಕ್ಕ ನೆರಳಿಗೆ ಒಂದು ಮರನೂ ಇಲ್ಲ. ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಏಣಿ ಹತ್ತಿ ಸೀಲಿಂಗ್ ಮುಟ್ಟಿ ನೋಡಿದ್ರೆ ರೊಟ್ಟಿ ಸುಟ್ಟು ಇಳಿಸಿಟ್ಟ ಹಂಚು ಇನ್ನೂ ಆರಿಲ್ಲವೇನೋ ಅನ್ನಂಗಿರುತ್ತೆ, ಫ್ಯಾನ್ ಹಾಕಿದ್ರೆ ಅದೇ ಬಿಸೀನ ಕೆಳಗೆ ತಳ್ಳುತ್ತೆ ಅಷ್ಟೇ. ಅಮ್ಮಂಗೆ ಬಿಪಿ ಐತೆ, ಒಂದು ಬೇಸಿಗೇಲಿ ಮೂರು ರಾತ್ರಿ ಕಣ್ಣೇ ಮುಚ್ಚಲಿಲ್ಲ, ಆವಾಗಿಂದ ಇದರ ಹಿಂದೆ ಬಿದ್ದೀನಿ. ಮೂರು ಬೇಸಿಗೇಲಿ ಮೂರು ಥರ ಮಾಡಿ ನೋಡಿದೆ. ಕೆಳಗೆ ಬರೆದಿರೋ ಲೆಕ್ಕ ಎಲ್ಲ ಒಂದು ಚಿಕ್ಕ ಡಿಜಿಟಲ್ ಥರ್ಮಾಮೀಟರ್ ಗೋಡೆಗೆ ನೇತುಹಾಕಿ ನಾನೇ ನೋಡಿ ಬರ್ಕೊಂಡಿದ್ದು, ಅದರಲ್ಲಿ ಗಾಳಿ ತೇವಾಂಶನೂ ತೋರಿಸುತ್ತೆ, ಏನು ತಗೊಳೋಕೂ ಮೊದ್ಲು ಅದನ್ನ ತಗೊಳ್ರಿ.

ಮೊದಲು ತಂದಿದ್ದು ಕೂಲರ್. ಏಪ್ರಿಲ್ ಮಧ್ಯಾಹ್ನ ಹೊರಗೆ 38 ಡಿಗ್ರಿ, ತೇವಾಂಶ ನೂರಕ್ಕೆ 22, ಕೂಲರ್ ಬಾಯಿಂದ ಬರೋ ಗಾಳಿ 26, ನಿಜವಾಗ್ಲೂ ಹಾಯ್ ಅನ್ಸಿತು. ಮೇ ಕೊನೇಲಿ ಎರಡು ಅಡ್ಡಮಳೆ ಬಿದ್ದು ತೇವಾಂಶ 65ಕ್ಕೆ ಬಂದಾಗ ಅದೇ ಕೂಲರ್ 29ರ ಗಾಳಿ ಕೊಡ್ತು, ಹಾಸಿಗೆ, ದಿಂಬು ಎಲ್ಲ ಅಂಟಂಟು. ಕೂಲರ್ ತಂಪು ಮಾಡೋದು ನೀರು ಆವಿ ಮಾಡಿ, ಗಾಳೀಲಿ ಆಗ್ಲೇ ನೀರು ತುಂಬಿದ್ರೆ ಅದು ತಾನೆ ಏನು ಮಾಡುತ್ತೆ. ಅಂಗಡಿಯವರು ಎರಡು ಮಾತು ಹೇಳಿದ್ರು, ಎರಡೂ ತಪ್ಪು. ಒಂದು, ಬಾಗಿಲು ಕಿಟಕಿ ಹಾಕ್ಕೊಂಡು ಆನ್ ಮಾಡಿ ಅಂತ. ಹಂಗೆ ಮಾಡಿದ್ರೆ ಒಂದೇ ಗಂಟೇಲಿ ರೂಮಿನ ತೇವಾಂಶ 75 ದಾಟ್ತು. ಎದುರಿನ ಕಿಟಕಿ ತೆಗೆದಿಟ್ಟು, ಕೂಲರ್ ಬೆನ್ನಿಗೆ ಹೊರಗಿನ ಗಾಳಿ ಸಿಗೋ ಹಂಗೆ ಇಡ್ಬೇಕು. ಇನ್ನೊಂದು, ಐಸ್ ಚೇಂಬರ್ ಅಂದ್ರೆ ಐಸ್ ಹಾಕೋ ಜಾಗ ಇದ್ರೆ ಇನ್ನೂ ತಂಪು ಅಂತ, ಅದಕ್ಕಂತಲೇ ಸಾವಿರದ ಮೇಲೆ ಜಾಸ್ತಿ ತಗೊಂಡ್ರು. ಒಂದು ಕೆಜಿ ಐಸ್ ಕರಗಿದ್ರೆ ಎಳ್ಕೊಳೋ ಶಾಖಕ್ಕಿಂತ ಒಂದು ಲೀಟರ್ ನೀರು ಆವಿ ಆಗುವಾಗ ಎಳ್ಕೊಳೋದು ಏಳು ಪಟ್ಟು ಜಾಸ್ತಿ, ಇನ್ನು ಆ ಐಸ್ ಮಾಡೋಕೆ ಫ್ರಿಜ್ ಅಡುಗೆಮನೆಗೆ ಬಿಸಿ ಬಿಡ್ತಿರುತ್ತೆ. ಮತ್ತೆ ನಮ್ಮ ಬೋರ್ ನೀರು. ಒಂದೂವರೆ ತಿಂಗಳಿಗೆ ಪ್ಯಾಡ್ ಮೇಲೆ ಬಿಳೀ ಉಪ್ಪು ಕಟ್ಟಿ, ಉಗುರಲ್ಲಿ ಕೆರೆದ್ರೆ ಚಕ್ಕೆ ಚಕ್ಕೆ ಏಳೋದು, ವಾರಕ್ಕೊಂದ್ಸಲ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸ ನೀರು ಹಾಕಿದ ಮೇಲೆ ಸ್ವಲ್ಪ ಕಡಿಮೆ ಆಯ್ತು.

ಎರಡನೇ ವರ್ಷ ಟೆರೇಸ್‌ಗೆ ಸುಣ್ಣ. ಇದನ್ನೇ ಮೊದಲು ಮಾಡ್ಬೇಕಿತ್ತು ಅಂತ ಈಗ್ಲೂ ಹೊಟ್ಟೆ ಉರಿಯುತ್ತೆ. ಪೇಂಟ್ ಅಂಗಡೀಲಿ ಕೂಲ್ ರೂಫ್ ಪೇಂಟ್, ಅಂದ್ರೆ ಬಿಸಿಲನ್ನ ವಾಪಸ್ ಎಸೆಯೋ ಬಿಳೀ ಬಣ್ಣ, ತೋರಿಸಿ ಮನೆ 12 ಡಿಗ್ರಿ ತಂಪಾಗುತ್ತೆ ಅಂದ್ರು. ಸುಣ್ಣ ಬಳಿದು ಮಧ್ಯಾಹ್ನ ಬರಿಗಾಲಲ್ಲಿ ನಿಂತು ನೋಡಿದೆ, ಬಳಿದ ಕಡೆ ನಿಲ್ಲಬಹುದು, ಬಳಿಯದ ಕಡೆ ಎರಡು ಹೆಜ್ಜೆ ಇಡೋಕೂ ಆಗಲ್ಲ, ಸ್ಲ್ಯಾಬಿನ ಮೈ ಅಷ್ಟು ತಣ್ಣಗಾಗೋದು ನಿಜ, ಆದ್ರೆ ಒಳಗಿನ ಗಾಳಿ ರಾತ್ರಿ ಹತ್ತೂವರೆಗೆ 35 ಇದ್ದಿದ್ದು 32ಕ್ಕೆ ಬಂತು. ಮೂರೇ ಡಿಗ್ರಿ. ಅವರು ಹೇಳೋದು ಸ್ಲ್ಯಾಬಿನ ಲೆಕ್ಕ, ನಾವು ಕೇಳಿಸ್ಕೊಳೋದು ರೂಮಿನ ಲೆಕ್ಕ. ಹಂಗಂತ ಆ ಮೂರು ಡಿಗ್ರಿ ಕಡಿಮೆ ಅಲ್ಲ, ಅಮ್ಮ ಅವತ್ತು ಹನ್ನೊಂದೂವರೆಗೇ ಮಲಗಿದ್ರು. ನಾವು ಬಳಿದಿದ್ದು ಬರೀ ಸುಣ್ಣಕ್ಕೆ ಫೆವಿಕಾಲ್ ಬೆರೆಸಿ ಎರಡು ಕೋಟು, ಮಳೆಗಾಲದಲ್ಲಿ ತೊಳೆದು ಹೋಗುತ್ತೆ, ವರ್ಷವರ್ಷ ಬಳೀಬೇಕು. ಪೇಂಟ್ ಆದ್ರೆ ಜಾಸ್ತಿ ದಿನ ಬರುತ್ತೆ, ಆದ್ರೆ ಧೂಳು ಕೂತು ಮಬ್ಬಾದ್ರೆ ಅದೂ ಅಷ್ಟಕ್ಕಷ್ಟೇ, ಗುಡಿಸಿ ತೊಳೀತಿರ್ಬೇಕು.

ಇಷ್ಟಾದ್ರೂ ಮೇ ತಿಂಗಳಲ್ಲಿ ಅಮ್ಮನ ರೂಮಿಗೆ ಏಸಿ ಬೇಕೇ ಬೇಕಾಯ್ತು. ರೂಮು 10 ಅಡಿ 12 ಅಡಿ. ಅಂಗಡಿಯವರು "ಟಾಪ್ ಫ್ಲೋರ್ ಅಲ್ವಾ ಮೇಡಂ, ಒಂದೂವರೆ ಟನ್‌ಗಿಂತ ಕಡಿಮೆ ಬೇಡ್ವೇ ಬೇಡ" ಅಂದ್ರು. ಸುಣ್ಣ ಬಳೀದೇ ಇದ್ದಿದ್ರೆ ಅವರ ಮಾತು ಸರಿನೇ ಇರ್ತಿತ್ತು. ಬಳಿದ ಮೇಲೆ ಒಂದು ಟನ್ ಸಾಕಾಯ್ತು, ಟನ್ ಅಂದ್ರೆ ತೂಕ ಅಲ್ಲ, ರೂಮಿಂದ ಶಾಖ ಎತ್ತಿ ಹೊರಗೆ ಹಾಕೋ ಶಕ್ತಿ, ಒಂದು ಟನ್‌ಗೆ ಸುಮಾರು 3.5 ಕಿಲೋವಾಟ್. ಕರೆಂಟ್ ಎಷ್ಟು ಉಳಿಸುತ್ತೆ ಅನ್ನೋ ಸ್ಟಾರ್ ನೋಡುವಾಗ ಸ್ಟಿಕರ್ ಮೇಲಿನ ವರ್ಷನೂ ನೋಡ್ರಿ, 2022 ಜುಲೈನಲ್ಲಿ ಅಳತೆ ಬಿಗಿ ಮಾಡಿದಾಗ ಹಳೇ 5 ಸ್ಟಾರ್ 4 ಸ್ಟಾರ್‌ಗೆ ಇಳೀತು. ಸ್ಟಿಕರ್‌ನಲ್ಲಿರೋ ವರ್ಷದ ಯುನಿಟ್ಟು 1600 ಗಂಟೆಗೆ ಹಾಕಿದ ಲೆಕ್ಕ, ನಿಮ್ಮ ಗಂಟೆ ನೀವೇ ಎಣಿಸ್ಕೋಬೇಕು. ಅರ್ಧ ಕರೆಂಟ್ ಉಳಿಯುತ್ತೆ ಅಂದ್ರೆ ಯಾವುದಕ್ಕಿಂತ ಅಂತ ಕೇಳ್ರಿ, ಹಳೇ ಏಸಿಗಿಂತ, ಕೂಲರ್‌ಗಿಂತ ಅಲ್ಲ. ಪಕ್ಕದ್ಮನೆ ಅಂಕಲ್ಲು ಇನ್ವರ್ಟರ್ ಏಸಿ ಅಂದ್ರೆ ಕರೆಂಟ್ ಹೋದ್ರೂ ಓಡುತ್ತೆ ಅಂದ್ಕೊಂಡು ತಂದಿದ್ರು, ಪಾಪ, ಕರೆಂಟ್ ಹೋದ್ರೆ ಅದೂ ನಿಲ್ಲುತ್ತೆ ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ.

ನಮಗೆ ದೊಡ್ಡ ಲೆಕ್ಕ ಗೃಹಜ್ಯೋತಿದು, ಸರ್ಕಾರದ ಫ್ರೀ ಕರೆಂಟ್ ಯೋಜನೆ. ಏಸಿ ಇಲ್ದೆ ತಿಂಗಳಿಗೆ 110 ಯುನಿಟ್ ಬರ್ತಿತ್ತು. ಅರ್ಹತೆ, ಅಂದ್ರೆ ನಮಗೆ ಫ್ರೀ ಅಂತ ಗೊತ್ತುಮಾಡಿದ ಯುನಿಟ್ಟು, ದಾಟಿ 200ರೊಳಗೆ ಇದ್ರೆ ಹೆಚ್ಚಿಗೆ ಬಳಸಿದ್ದಕ್ಕೆ ಮಾತ್ರ ದುಡ್ಡು, 200 ದಾಟಿದ್ರೆ ಪೂರ್ತಿ ಬಿಲ್ಲು ನಮ್ಮದೇ. ರಾತ್ರಿ ಮಲಗುವಾಗ, ಬೆಳಗ್ಗೆ ಎದ್ದಾಗ ಬೆಸ್ಕಾಂ ಮೀಟರ್ ಓದಿ ನೋಡಿದೆ: 23ಕ್ಕೆ ಇಟ್ರೆ ರಾತ್ರಿಗೆ ಮೂರೂವರೆ ಯುನಿಟ್ಟು, 26ಕ್ಕೆ ಇಟ್ಟು ಫ್ಯಾನ್ ಎರಡರಲ್ಲಿ ಹಾಕಿದ್ರೆ ಎರಡೂವರೆ. ತಿಂಗಳಿಗೆ 105 ಎಲ್ಲಿ, 75 ಎಲ್ಲಿ, ಮೊದಲಿನ 110 ಸೇರಿಸಿದ್ರೆ ಒಂದು 200 ದಾಟುತ್ತೆ, ಇನ್ನೊಂದು ಒಳಗೇ ಉಳಿಯುತ್ತೆ. ಅಮ್ಮಂಗೆ 26ರಲ್ಲೇ ನಿದ್ದೆ ಚೆನ್ನಾಗಿ ಬರುತ್ತೆ, ಮಂಡಿನೂ ನೋಯಲ್ಲ.

ಹಾಟ್ ಅಂಡ್ ಕೋಲ್ಡ್ ಮಾಡೆಲ್ಲು ತಗೊಳಿ, ಚಳಿಗಾಲಕ್ಕೂ ಆಗುತ್ತೆ ಅಂತಾನೂ ಅಂದ್ರು. ಡಿಸೆಂಬರಲ್ಲಿ ಕಿಟಕಿ ಹಾಕ್ಕೊಂಡು ಕಂಬಳಿ ಹೊದ್ರೆ ಮುಗೀತು ನಮ್ಮೂರಿಗೆ. ಆನ್‌ಲೈನಲ್ಲಿ ಬರೋ ಅಂಗೈ ಅಗಲದ ಮಿನಿ ಏಸಿ ಅನ್ನೋದಂತೂ ಒದ್ದೆ ಪ್ಯಾಡು, ಪುಟ್ಟ ಫ್ಯಾನು ಅಷ್ಟೇ, ದುಡ್ಡು ಹಾಕ್ಬೇಡ್ರಿ.

ಚಿತ್ರದುರ್ಗದಲ್ಲಿರೋ ನಮ್ಮಕ್ಕ ಇದನ್ನೆಲ್ಲ ಕೇಳಿ ತಾನೂ ಏಸಿ ಹಾಕಿಸ್ತೀನಿ ಅಂದ್ಳು, ಹೋಗಿ ನೋಡಿದೆ. ಅವಳದು ಕೆಳಗಿನ ಮನೆ, ದಪ್ಪ ಕಲ್ಲಿನ ಗೋಡೆ, ಸಂಜೆ ಆದ್ರೆ ಗಾಳಿ ಬೀಸುತ್ತೆ. ಅಡುಗೆಮನೇಲಿ ಒಂದು ಎಕ್ಸಾಸ್ಟ್ ಹಾಕಿಸಿ, ರಾತ್ರಿ ಎದುರಿನ ಕಿಟಕಿ ತೆಗೆದು, ಬೆಳಗ್ಗೆ ಎಂಟಕ್ಕೆಲ್ಲ ಮುಚ್ಚು ಅಂದೆ, ಹಂಗೇ ಮಾಡ್ತಿದ್ದಾಳೆ, ಮಧ್ಯಾಹ್ನ ಒಳಗೆ 31 ದಾಟಿಲ್ಲವಂತೆ. ನಮ್ಮನೇಲಿ ಮಾತ್ರ ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತಲ್ಲ, ಆ ವಾರನೇ ಸುಣ್ಣ ಬಳೀಬೇಕು ಅಂತ ಮೇಸ್ತ್ರಿಗೆ ಈಗ್ಲೇ ಹೇಳಿಟ್ಟೀನಿ.