ಕಂಪ್ಲಿ ರಸ್ತೆ ಭಟ್ಟಿಯ ಇಟ್ಟಂಗಿ: ಮಣ್ಣು ನೋಡಿ ತಗೊಂಡ ಮಾಲು

ಗಂಗಾವತಿ ಸುತ್ತಮುತ್ತ ಸಣ್ಣ ಮನೆ ಕಟ್ಟಿಸುವ ಕೆಲಸ ನನ್ನದು. ಈ ಸಲ ಕಂಪ್ಲಿ ರಸ್ತೆ ಕಡೆಯ ಒಂದು ಸಣ್ಣ ಭಟ್ಟಿಯಿಂದ ಇಟ್ಟಂಗಿ ತರಿಸಿದೆ. ಮಾಲು ಚೆನ್ನಾಗಿದೆ, ಧೈರ್ಯವಾಗಿ ತಗೊಳ್ಳಿ. ಬಣ್ಣ ನೋಡಿ ಈ ಮಾತು ಹೇಳುತ್ತಿಲ್ಲ, ಮಣ್ಣು ನೋಡಿ ಹೇಳುತ್ತಿದ್ದೇನೆ.

ನಮ್ಮ ಕಡೆ ಎರೆ ಮಣ್ಣಿಗೆ, ಅಂದರೆ ಕಪ್ಪು ಮಣ್ಣಿಗೆ, ಬರವಿಲ್ಲ. ಹತ್ತಿಗೆ, ಜೋಳಕ್ಕೆ ಅದು ಒಳ್ಳೆಯದೇ. ಆದರೆ ಬರೀ ಎರೆಯಿಂದ ಇಟ್ಟಂಗಿ ಆಗಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದೂ ಇದೇ ಗುಣದಿಂದ. ಭಟ್ಟಿ ಯಜಮಾನರನ್ನು ಕೇಳಿದೆ. "ಬರೀ ಎರಿ ಆದ್ರ ಒಣಗೂ ಮುಂದ ಸೀಳ್ತೈತ್ರೀ ಸರ, ಮಸಾರಿ ಕೂಡಿಸಲೇಬೇಕು" ಅಂದರು. ಅವರು ಮಸಾರಿ ಮಣ್ಣಿಗೆ (ಮರಳು ಮಿಶ್ರಿತ ಕೆಂಪು ಮಣ್ಣು) ಕೆರೆ ಹೂಳು ಸೇರಿಸಿ, ಎರೆಯನ್ನು ಸ್ವಲ್ಪವೇ ಹಾಕುತ್ತಾರೆ.

ಕಲಸುವ ಮುಂಚಿನ ಮಣ್ಣು ಒಂದಿಷ್ಟು ತಂದು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ ಕುಲುಕಿ ಇಟ್ಟೆ. ಮರಳು ತಕ್ಷಣ ತಳ ಸೇರಿತು, ಅದರ ಮೇಲೆ ನುಣ್ಣನೆ ಹೂಳು, ಕೊನೆಗೆ ಜಿಗಟು, ಅಂದರೆ ಅಂಟುವ ಜೇಡಿ ಮಣ್ಣು. ಕೈಯಲ್ಲಿ ಅಚ್ಚು ಹಾಕುವ ಇಟ್ಟಂಗಿಗೆ ಭಾರತೀಯ ಮಾನಕ ಐಎಸ್ 2117 ಹೇಳುವ ಅಳತೆ ಜಿಗಟು ಶೇ. 20ರಿಂದ 30, ಹೂಳು 20ರಿಂದ 35, ಮರಳು 35ರಿಂದ 50. ಇವರದು ಕಣ್ಣಳತೆಗೆ ಅದರೊಳಗೇ ಬಂತು. ಜಿಗಟು ಜಾಸ್ತಿಯಾದರೆ ಸೀಳು, ಮರಳು ಜಾಸ್ತಿಯಾದರೆ ಪುಡಿ.

ನನಗೆ ನಿಜವಾಗಿ ಭಯ ಇರುವುದು ಸುಣ್ಣದ ಹರಳಿನದು. ಎರೆ ಹೊಲದಲ್ಲಿ ಅದು ಸಾಮಾನ್ಯ. ಭಟ್ಟಿಯಲ್ಲಿ ಸುಟ್ಟು ಸುಣ್ಣವಾಗುತ್ತದೆ. ಗೋಡೆ ಎದ್ದ ಮೇಲೆ ತೇವ ಹೀರಿ ಉಬ್ಬಿ, ಮೇಲಿನ ಪ್ಲಾಸ್ಟರನ್ನೇ ಕಿತ್ತು ಹಾಕುತ್ತದೆ. ಬೇರೊಂದು ಭಟ್ಟಿಯ ಮಾಲಿನಿಂದ ಕಟ್ಟಿದ ಕಾಂಪೌಂಡ್ ಗೋಡೆ ಅಲ್ಲಲ್ಲಿ ಹೀಗೆ ಗುಳಿ ಬಿದ್ದಿತ್ತು. ಗುಳಿಯೊಳಗೆ ನೋಡಿದರೆ ಬಿಳಿ ಹರಳು! ಮನೆಯವರಿಗೆ ಎಷ್ಟು ಬೇಜಾರಾಗಿರಬೇಡ. ಇಲ್ಲಿ ಮಣ್ಣನ್ನು ಜರಡಿ ಹಿಡಿದು ಹರಳು ಆರಿಸುತ್ತಾರೆ. ಒಂದೆರಡು ಇಟ್ಟಂಗಿ ಒಡೆದೂ ನೋಡಿದೆ, ಒಳಗೆ ಬಿಳಿ ಚುಕ್ಕೆ ಕಾಣಲಿಲ್ಲ. ಅದಕ್ಕೇ ಈ ಭಟ್ಟಿಯ ಮೇಲೆ ನನಗೆ ನಂಬಿಕೆ.

ಕಾಲುವೆ ಕೆಳಗಿನ ಸವಳು ಮಣ್ಣಾದರೆ ಗೋಡೆಗೆ ಉಪ್ಪು ಬರುತ್ತದೆ. ಅದನ್ನು ನೋಡಲು ಇಟ್ಟಂಗಿಯ ಬುಡವನ್ನು ತಟ್ಟೆ ನೀರಿನಲ್ಲಿಟ್ಟು, ನೀರು ಪೂರ್ತಿ ಆರಲು ಬಿಟ್ಟೆ. ಅಂಚಿನಲ್ಲಿ ತೆಳ್ಳಗೆ ಉಪ್ಪಿನ ಬಿಳಿ ಕಾಣಿಸಿತು, ಅಷ್ಟೇ. ನೀರು ಹೀರುವುದನ್ನೂ ತೂಗಿ ನೋಡಿದೆ: ಒಣಗಿದಾಗ 3 ಕೆಜಿ, 24 ತಾಸು ನೆನೆದ ಮೇಲೆ 3.4 ಕೆಜಿ. ಅಂದರೆ ಶೇ. 13ರ ಹತ್ತಿರ. ಐಎಸ್ 1077 ಪ್ರಕಾರ ಸಾಮಾನ್ಯ ದರ್ಜೆಯ ಇಟ್ಟಂಗಿಗೆ ಶೇ. 20ರ ತನಕ ಅವಕಾಶವಿದೆ.

ಕೊರತೆ ಇಲ್ಲ ಅಂತಲ್ಲ. ಭಟ್ಟಿಯ ಹೊರಸುತ್ತಿನ ಇಟ್ಟಂಗಿ ಸರಿಯಾಗಿ ಬೆಂದಿರಲ್ಲ. ಬಣ್ಣ ಮಸುಕು, ಒಂದಕ್ಕೊಂದು ತಟ್ಟಿದರೆ ಠಣ್ ಅನ್ನದೆ ಡಬ್ ಅನ್ನುತ್ತದೆ. ಅದನ್ನೂ ಲೋಡಿನಲ್ಲಿ ಬೆರೆಸಿ ಕಳಿಸಿದ್ದರು. ಇದು ಸರಿಯಲ್ಲ ಅಂತ ಯಜಮಾನರಿಗೆ ನೇರವಾಗಿ ಹೇಳಿದೆ, ಬದಲಿಸಿ ಕೊಟ್ಟರು. ಅಂಚುಗಳೂ ಅಷ್ಟು ನೇರವಿಲ್ಲ, ಪ್ಲಾಸ್ಟರಿಗೆ ಸಿಮೆಂಟ್ ಸ್ವಲ್ಪ ಜಾಸ್ತಿ ಹೋಗುತ್ತದೆ.

ಮಳೆ ಹಿಡಿದರೆ ಹಸಿ ಇಟ್ಟಂಗಿ ಒಣಗಲ್ಲ, ಕೆಲಸ ನಿಲ್ಲುತ್ತದೆ. ಬೇಸಿಗೆಯಲ್ಲೇ ಹೇಳಿಟ್ಟು ತರಿಸಿಕೊಳ್ಳಿ. ಇಳಿಸುವಾಗ ನೀವೇ ನಿಂತು, ಡಬ್ ಅನ್ನುವ ಮಾಲನ್ನು ಗಾಡಿಯಲ್ಲೇ ವಾಪಸ್ ಕಳಿಸಿ.