ತೆಳು ಬಣ್ಣವನ್ನು ಗಟ್ಟಿ ಮಾಡಲು ಮೂರು ದಾರಿ: ನಾನು ಮಾಡಿ ನೋಡಿದ್ದು

ಬಾಗಲಕೋಟೆಯ ನವನಗರದಲ್ಲಿ ಕೂತು ಫ್ಲೆಕ್ಸ್, ಕಾರ್ಡು, ಸಣ್ಣಪುಟ್ಟ ಆ್ಯಪ್ ಡಿಸೈನ್ ಮಾಡುವವನು ನಾನು. ಹೋದ ತಿಂಗಳು ಇಳಕಲ್ ಸೀರೆ ಅಂಗಡಿಯೊಂದರ ಕೆಲಸ ಬಂತು. ಅಂಗಡಿ ಅಕ್ಕಾರಿಗೆ ಸೆರಗಿನ ಕೆಂಪೇ ಬೇಕು, ಆದರೆ ತೆಳುವಾಗಿ ಬೇಕು. ನಾನು ಆರಿಸಿದ ಕೆಂಪು 192, 0, 32 (ಕ್ರಮವಾಗಿ ಕೆಂಪು, ಹಸಿರು, ನೀಲಿಯ ಅಂಕಿ, ಒಂದೊಂದೂ 0ಯಿಂದ 255ರವರೆಗೆ). ಒಪ್ಯಾಸಿಟಿ, ಅಂದರೆ ಬಣ್ಣದ ಗಟ್ಟಿತನ, ನೂರಕ್ಕೆ 40ಕ್ಕೆ ಇಳಿಸಿ ಹೆಸರಿನ ಹಿಂದೆ ಪಟ್ಟಿ ಎಳೆದೆ. ಚಂದ ಕಂಡಿತು.

ಪ್ರೆಸ್‌ನವರು ಪಿಡಿಎಫ್/ಎಕ್ಸ್-1ಎ ಫೈಲ್ ಕೇಳಿದರು, ಅದು ಮುದ್ರಣಕ್ಕೆಂದೇ ಇರುವ ಒಂದು ಬಗೆಯ ಪಿಡಿಎಫ್. ಅದರಲ್ಲಿ ಟ್ರಾನ್ಸ್‌ಪರೆನ್ಸಿ, ಅಂದರೆ ಹಿಂದಿನದು ಕಾಣುವಂಥ ಪಾರದರ್ಶಕ ಬಣ್ಣ, ಇರುವಂತಿಲ್ಲ. ಅಂದರೆ ಕಣ್ಣಿಗೆ ಅದೇ ತೆಳು ಗುಲಾಬಿ ಕಾಣಬೇಕು, ಆದರೆ ಬಣ್ಣ ಪೂರಾ ಗಟ್ಟಿ ಇರಬೇಕು.

ಮೊದಲು ಐಡ್ರಾಪರ್ ಹಿಡಿದೆ, ಒತ್ತಿದ ಜಾಗದ ಬಣ್ಣದ ಅಂಕಿ ಹೇಳುವ ಸಾಧನ ಅದು. ಯಾರಾದ್ರೂ ಮೊದಲು ಅದನ್ನೇ ಹಿಡಿಯೋದು, ಅಲ್ವಾ? ಸೋಮಾರಿತನದಿಂದ ಮೂಲ ಫೈಲ್ ತೆರೆಯದೆ, ಅಕ್ಕಾರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಚಿತ್ರದ ಮೇಲೇ ಒತ್ತಿದೆ. ಒಂದು ಕಡೆ 231, 151, 164 ಬಂತು. ಅಕ್ಷರದ ಪಕ್ಕ ಒತ್ತಿದರೆ ಇನ್ನೇನೋ ಬಂತು. ವಾಟ್ಸಾಪ್ ಚಿತ್ರವನ್ನು ಜೆಪೆಗ್ ಮಾಡಿ ಕುಗ್ಗಿಸುತ್ತದೆ. ಆಗ ಅಂಚಿನ ಹತ್ತಿರ ಬಣ್ಣಗಳು ಒಂದರೊಳಗೊಂದು ಸೇರಿಬಿಡುತ್ತವೆ. ಮೂಲ ಫೈಲ್‌ನಲ್ಲಿ ಜೂಮ್ ಮಾಡಿ, ಅಂಚಿನಿಂದ ದೂರ ಒತ್ತಿದಾಗ 230, 153, 166 ಸಿಕ್ಕಿತು. ಅವಸರಕ್ಕೆ ಸಾಕು, ಅಷ್ಟೇ.

ಎರಡನೆಯದು ಲೆಕ್ಕ. ನನಗೆ ಹಿಡಿಸಿದ್ದು ಇದೇ. ಮೇಲಿನ ಬಣ್ಣದ ನೂರಕ್ಕೆ 40 ಪಾಲು, ಕೆಳಗಿನದರ 60 ಪಾಲು ಕೂಡಿಸುವುದು. ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ಮಾಡಬೇಕು. ಬಿಳಿ ಹಾಳೆ ಅಂದರೆ ಮೂರೂ 255. ಕೆಂಪಿಗೆ 192ರ 40 ಪಾಲು 76.8, 255ರ 60 ಪಾಲು 153, ಕೂಡಿದರೆ 229.8, ಅಂದರೆ 230. ಹಸಿರು 153, ನೀಲಿ 166. 1984ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ನ ಪೋರ್ಟರ್ ಮತ್ತು ಡಫ್ ಬರೆದಿಟ್ಟ, ಒಂದು ಚಿತ್ರದ ಮೇಲೆ ಇನ್ನೊಂದನ್ನು ಇಡುವ 'ಓವರ್' ಲೆಕ್ಕ ಗಟ್ಟಿ ಹಿನ್ನೆಲೆಯ ಮೇಲೆ ಇಷ್ಟೇ ಆಗುತ್ತದೆ.

ಮರುದಿನ ಅಕ್ಕಾರು ಕಾರ್ಡಿಗೆ ಕೆನೆ ಬಣ್ಣದ ಹಿನ್ನೆಲೆ ಕೇಳಿದರು: 250, 240, 220. ಎಕ್ಸೆಲ್ ಶೀಟಿನಲ್ಲಿ ಮೂರು ಅಂಕಿ ಬದಲಿಸಿದೆ, 227, 144, 145 ಬಂತು. ಬಿಳಿ ಮೇಲಿನ ಗುಲಾಬಿಯನ್ನೇ ಸುಮ್ನೆ ಇಟ್ಟಿದ್ದರೆ ಅಲ್ಲಿ ನೀಲಿ ಹೊಡೆಯುತ್ತಿತ್ತು. ಹಿನ್ನೆಲೆ ಬದಲಾದರೆ ಗಟ್ಟಿ ಬಣ್ಣವೂ ಬದಲಾಗಲೇಬೇಕು.

ಒಂದು ಕಡೆ ಮಾತ್ರ ಎಡವಿದೆ. ಎರಡು ಪಟ್ಟಿ ಒಂದರ ಮೇಲೊಂದು ಬರುವ ಮೂಲೆಗೆ 40 ಮತ್ತು 40 ಕೂಡಿಸಿ 80 ಅಂತ ಹಾಕಿದೆ. ತೀರಾ ಗಾಢ ಬಂತು. ಮೊದಲ ಪಟ್ಟಿ ಬಿಟ್ಟ 60ರಲ್ಲಿ ಎರಡನೆಯದು 40 ಪಾಲು ಮುಚ್ಚುತ್ತದೆ, ಅಂದರೆ 24. ಒಟ್ಟು 64. ಬಿಳಿ ಮೇಲೆ ಅದು 215, 92, 112.

ಇನ್ನೊಂದು ಮಾತು. ಕೆಲವು ಸಾಫ್ಟ್‌ವೇರ್ ಬಣ್ಣವನ್ನು ಲೀನಿಯರ್ ಲೆಕ್ಕದಲ್ಲಿ, ಅಂದರೆ ಈ ಅಂಕಿಗಳ ಬದಲು ನಿಜವಾದ ಬೆಳಕಿನ ಪ್ರಮಾಣದಲ್ಲಿ, ಬೆರೆಸುತ್ತವೆ. ಬಿಳಿ ಮೇಲೆ ಅರ್ಧ ಕಪ್ಪು ಹಾಕಿದರೆ ಸಾದಾ ಲೆಕ್ಕದಲ್ಲಿ 128, ಅಲ್ಲಿ 188. ಶೀಟಿಗೂ ಸ್ಕ್ರೀನಿಗೂ ತಾಳೆ ಆಗದಿದ್ದರೆ ಮೊದಲು ಆ ಸೆಟ್ಟಿಂಗ್ ನೋಡಿ.

ಮೂರನೆಯದು ಫ್ಲಾಟನ್. ಒಂದೇ ಕ್ಲಿಕ್, ಕೆಲಸ ಮುಗೀತು. ಆದರೆ ಲೇಯರ್ ಎಲ್ಲಾ ಒಂದಾಗಿ ಚಿತ್ರವಾಗಿಬಿಡುತ್ತದೆ. ಫೋನ್ ನಂಬರ್ ತಿದ್ದಬೇಕಾದಾಗ ಹಳೇ ಫೈಲ್ ಹುಡುಕಬೇಕಾಯಿತು. ಹಾಗಂತ ಬಿಡುವಂತೆಯೂ ಇಲ್ಲ. ಸೀರೆಯ ಫೋಟೋ ಮೇಲೆ ಪಟ್ಟಿ ಬಂದಾಗ ಕೆಳಗೆ ಒಂದೊಂದು ಚುಕ್ಕಿಗೂ ಒಂದೊಂದು ಬಣ್ಣ. ಅಲ್ಲಿ ಶೀಟ್ ಏನು ಮಾಡೀತು? ಅದೊಂದಕ್ಕೆ ಫ್ಲಾಟನ್ನೇ ಗತಿ.

ಅದೇ ಅಂಗಡಿಯ ಆ್ಯಪ್‌ಗೆ ಬಂದಾಗ ಗಟ್ಟಿ ಮಾಡುವ ಗೋಜಿಗೇ ಹೋಗಿರಲಿಲ್ಲ. ವೆಬ್‌ಗೆ ಬರೆದಿದ್ದ ಎಂಟಂಕಿಯ ಹೆಕ್ಸ್ ಕೋಡ್ (ಅದೇ ಬಣ್ಣದ ಅಂಕಿಗಳನ್ನು ಹದಿನಾರರ ಎಣಿಕೆಯಲ್ಲಿ ಎರಡೆರಡಂಕಿಯಾಗಿ ಬರೆದದ್ದು) ಸಿ0002066 ಹಾಗೇ ಅಂಟಿಸಿದೆ. ವೆಬ್‌ನಲ್ಲಿ ಪಾರದರ್ಶಕತೆಯ ಎರಡಂಕಿ ಕೊನೆಗೆ ಬರುತ್ತದೆ, ಆಂಡ್ರಾಯ್ಡ್‌ನ ಬಣ್ಣದ ಫೈಲ್‌ನಲ್ಲಿ ಮೊದಲಿಗೆ. ಮೊದಲಿನ ಸಿ0 ಪಾರದರ್ಶಕತೆಗೆ ಹೋಗಿ, ನನ್ನ ಕೆಂಪು ಅಲ್ಲಿ 0, 32, 102 ಆಯಿತು, ಮುಕ್ಕಾಲು ಪಾಲು ಗಟ್ಟಿ ನೀಲಿ. ಅಕ್ಕಾರು ಫೋನ್ ಮಾಡಿದರು: "ತಮ್ಮಾ, ನಾವು ಇಳಕಲ್ ಸೀರಿ ಮಾರತೀವಿ, ಜೀನ್ಸ್ ಅಲ್ಲೋ."

ಶೀಟ್ ತೆರೆದು ಬಿಳಿ ಮೇಲಿನ ಆರಂಕಿ ಹಾಕಿದೆ: ಇ699ಎ6. ಆರಂಕಿಯನ್ನು ಎರಡೂ ಕಡೆ ಒಂದೇ ಥರ ಓದುತ್ತಾರೆ.