ಮನೆಯ ಸ್ಟೋರೇಜ್ ಸರ್ವರ್: ಕರೆಂಟ್ ಉಳಿಸಲು ಡಿಸ್ಕ್ ಮಲಗಿಸೋದಾ, ಕಡಿಮೆ ಮಾಡೋದಾ?

ದಿನವಿಡೀ 10 ವ್ಯಾಟ್ ಸುಮ್ನೆ ಹೋದರೆ ವರ್ಷಕ್ಕೆ ಸುಮಾರು 88 ಯೂನಿಟ್. ಕೆಲಸವಿಲ್ಲದೆ ತಿರುಗುವ 3.5 ಇಂಚಿನ ಡಿಸ್ಕ್ ಒಂದೊಂದೂ ಸುಮಾರು 4–6 ವ್ಯಾಟ್ ತಿನ್ನುತ್ತದೆ. ಮಲಗಿದಾಗ, ಅಂದರೆ ತಿರುಗುವುದು ನಿಂತಾಗ, 1 ವ್ಯಾಟ್ ಆಸುಪಾಸು.

ಮಲಗಿಸಲು ಖರ್ಚಿಲ್ಲ. ಆದರೆ ಎದ್ದೇಳಲು ಕೆಲವು ಸೆಕೆಂಡ್ ಕಾಯಬೇಕು, ಪದೇ ಪದೇ ಎಬ್ಬಿಸಿದರೆ ಸವೆತವೂ ಜಾಸ್ತಿ. ಲಾಗ್ (ಸರ್ವರ್ ಆಗಾಗ ಬರೆಯುವ ದಾಖಲೆ), ಡಾಕರ್ (ಆ್ಯಪ್‌ಗಳನ್ನು ಪ್ರತ್ಯೇಕವಾಗಿ ಓಡಿಸುವ ತಂತ್ರಾಂಶ) ಅದೇ ಡಿಸ್ಕಿನಲ್ಲಿದ್ದರೆ ಅದಕ್ಕೆ ನಿದ್ದೆಯೇ ಇಲ್ಲ! ಮೊದಲು ಅವನ್ನು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಸಾಗಿಸಿ.

ಇನ್ನೊಂದು ದಾರಿ ಡಿಸ್ಕ್ ಕಡಿಮೆ ಮಾಡೋದು. 4 ಟಿಬಿಯ ನಾಲ್ಕು ಡಿಸ್ಕಿನ ರೇಡ್ 5 (ಒಂದು ಡಿಸ್ಕಿನಷ್ಟು ಜಾಗ ರಕ್ಷಣೆಗೆ ಹೋಗುವ ಜೋಡಣೆ) ಬದಲು 12 ಟಿಬಿಯ ಎರಡನ್ನು ಮಿರರ್ ಮಾಡಿದರೂ (ಎರಡರಲ್ಲೂ ಅದೇ ಮಾಹಿತಿ ಇಟ್ಟರೂ) ಸಿಗುವ ಜಾಗ 12 ಟಿಬಿಯೇ. ತಿರುಗುವ ಡಿಸ್ಕ್ ಅರ್ಧಕ್ಕಿಳಿಯುತ್ತದೆ. ಹೊಸ ಡಿಸ್ಕಿಗೆ ಕೈಯಿಂದ ದುಡ್ಡು ಬಿಡಬೇಕು, ಅಷ್ಟೇ.

ರಾತ್ರಿ ಬ್ಯಾಕಪ್ ಮಾತ್ರವೇ? ಮಲಗಿಸಿ. ಕ್ಯಾಮೆರಾ ರೆಕಾರ್ಡಿಂಗ್ ಸದಾ ನಡೆಯುತ್ತದೆಯೇ? ಎರಡೇ ಡಿಸ್ಕ್ ಸಾಕು.